ಆಧುನಿಕ ರಂಗನಟನೆಯ ಸಿದ್ಧಾಂತಗಳು

ನಟ ರಂಗದ ಮೇಲೆ ಪಾತ್ರವನ್ನು ಹೇಗೆ ಕಟ್ಟುತ್ತಾನೆ, ಕಟ್ಟಿದ್ದನ್ನು ಪ್ರತಿ ಪ್ರಯೋಗದಲ್ಲೂ ಹೇಗೆ ಜೀವಂತವಾಗಿ ಉಳಿಸಿಕೊಳ್ಳುತ್ತಾನೆ, ಅದಕ್ಕಾಗಿ ತನ್ನ ಮೈ, ದನಿ, ಮನಸ್ಸುಗಳನ್ನು ಹೇಗೆ ಪಳಗಿಸುತ್ತಾನೆ ಎಂಬುದನ್ನು ಕುರಿತ ಚಿಂತನೆ ಮತ್ತು ತರಬೇತಿಯ ಪರಂಪರೆಗೆ ಈ ಹೆಸರು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನಲ್ಲಿ ಮೊದಲಾಗಿ ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕ ಮತ್ತು ಏಷ್ಯಾಗಳಿಗೆ ಹಬ್ಬಿತು. ಒಳಗಿನ ಭಾವದಿಂದ ಹೊರಗಿನ ಚಲನೆಗೆ ಬರುವವರದ್ದು ಒಂದು ಪಂಗಡ, ಹೊರಗಿನ ಚಲನೆಯಿಂದ ಒಳಗಿನ ಭಾವಕ್ಕೆ ಇಳಿಯುವವರದ್ದು ಇನ್ನೊಂದು ಎಂದು ಇದರ ಚರಿತ್ರೆಯನ್ನು ಹೇಳುವ ರೂಢಿಯಿದೆ. ಪಾಠ ಹೇಳುವುದಕ್ಕೆ ಅದು ಅನುಕೂಲ. ಆದರೆ ಈ ಸಿದ್ಧಾಂತಿಗಳ ಬರಹಗಳನ್ನೂ ತಾಲೀಮಿನ ದಾಖಲೆಗಳನ್ನೂ ಓದುತ್ತ ಹೋದರೆ, ಅವರನ್ನೆಲ್ಲ ಕಾಡಿದ್ದು ಇದಕ್ಕಿಂತ ಸರಳವಾದ, ಕಸುಬಿಗೆ ಹತ್ತಿರವಾದ ಒಂದು ತೊಂದರೆ ಎಂಬುದು ಕಾಣುತ್ತದೆ. ನಾಟಕವನ್ನು ಮತ್ತೆ ಮತ್ತೆ ಆಡಬೇಕು. ನಿನ್ನೆ ರಾತ್ರಿ ತಾನಾಗಿ ಬಂದ ಅಳು ಇವತ್ತು ಬರುವುದಿಲ್ಲ, ಬರಿಸಿದರೆ ಸುಳ್ಳಾಗುತ್ತದೆ. ಈ ತೊಂದರೆಗೆ ಒಬ್ಬೊಬ್ಬರು ಕೊಟ್ಟ ಉತ್ತರಗಳೇ ಬೇರೆ ಬೇರೆ ಸಿದ್ಧಾಂತಗಳಾಗಿ ಬೆಳೆದವು.

ದಿದರೋ ಎತ್ತಿದ ವಾದ

ಫ್ರಾನ್ಸಿನ ವಿಶ್ವಕೋಶಕಾರ ದೆನಿ ದಿದರೋ (1713–1784) ಈ ತೊಂದರೆಯನ್ನು ಮೊದಲು ನೇರವಾಗಿ ಹೆಸರಿಸಿದವನು. 1770ರ ದಶಕದಲ್ಲಿ ಸಂವಾದದ ರೂಪದಲ್ಲಿ ಬರೆದ ಅವನ 'ನಟನ ವಿರೋಧಾಭಾಸ' ಅಚ್ಚಾದದ್ದು 1830ರಲ್ಲಿ, ಅವನು ಸತ್ತು ನಲವತ್ತಾರು ವರ್ಷಗಳ ಮೇಲೆ. ಅವನ ವಾದ ಅಂದಿನ ರಸಿಕರಿಗೆ ಕಹಿಯಾಗುವಂಥದ್ದು: ದೊಡ್ಡ ನಟನಿಗೆ ರಂಗದ ಮೇಲೆ ಭಾವಾವೇಶ ಇರಕೂಡದು. ಆವೇಶವನ್ನೇ ನಂಬಿದವನು ಮೊದಲ ದಿನ ಬೆಂಕಿಯಂತೆ ಆಡಿ, ಮೂರನೆಯ ದಿನಕ್ಕೆ ತಣ್ಣಗಾಗಿರುತ್ತಾನೆ. ಮೊದಲೇ ಯೋಚಿಸಿ, ಮನಸ್ಸಿನಲ್ಲಿ ಒಂದು ಆದರ್ಶ ರೂಪವನ್ನು ಕಡೆದಿಟ್ಟುಕೊಂಡು, ದಿನವೂ ಅದನ್ನೇ ತಣ್ಣಗೆ ಪುನಃ ತೋರಿಸಬಲ್ಲವನಲ್ಲಿ ಏರುಪೇರಿಲ್ಲ. ಇಂಗ್ಲಿಷ್ ನಟ ಡೇವಿಡ್ ಗ್ಯಾರಿಕ್ ಬಾಗಿಲ ಎರಡು ಕದಗಳ ನಡುವೆ ತಲೆ ತೂರಿಸಿ, ಕೆಲವೇ ಸೆಕೆಂಡುಗಳಲ್ಲಿ ಹುಚ್ಚು ಸಂತೋಷದಿಂದ ನಿರಾಶೆಯವರೆಗೆ ಮುಖದ ಮೇಲೆ ಭಾವಗಳ ಸಾಲನ್ನೇ ಹಾಯಿಸಿ ಮತ್ತೆ ಹಿಂದಕ್ಕೆ ಬಂದದ್ದನ್ನು ದಿದರೋ ಸಾಕ್ಷಿಯಾಗಿ ಹೇಳುತ್ತಾನೆ. ಅಷ್ಟು ಬೇಗ ಯಾರ ಮನಸ್ಸೂ ಆ ಎಲ್ಲ ಭಾವಗಳನ್ನು ಅನುಭವಿಸಿ ಮುಗಿಸಲಾರದು ಎಂಬುದು ಅವನ ತರ್ಕ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ವಾದ ನಟರ ನಡುವಿನ ಬಹಿರಂಗ ಜಗಳವಾಯಿತು. ಫ್ರೆಂಚ್ ನಟ ಕಾಕ್ಲಾಂ ದಿದರೋನ ಪಕ್ಷ ಹಿಡಿದರೆ, ಲಂಡನ್ನಿನ ಹೆನ್ರಿ ಇರ್ವಿಂಗ್ ಭಾವದ ಪಕ್ಷ ನಿಂತ. ವಿಮರ್ಶಕ ವಿಲಿಯಂ ಆರ್ಚರ್ ಅಂದಿನ ನಟನಟಿಯರಿಗೆ ಪ್ರಶ್ನಾವಳಿ ಕಳಿಸಿ, ಬಂದ ಉತ್ತರಗಳನ್ನು ಆಧರಿಸಿ 1888ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ. ಇದೇ ಹೊತ್ತಿಗೆ ಮನಶ್ಶಾಸ್ತ್ರವೂ ರಂಗಭೂಮಿಯ ಹೊಸಿಲಿಗೆ ಬಂದಿತ್ತು. ಮೈಯಲ್ಲಿ ಆಗುವ ಬದಲಾವಣೆಯ ಅರಿವೇ ಭಾವ, ಭಾವ ಮೊದಲು ಹುಟ್ಟಿ ಮೈ ಆಮೇಲೆ ನಡುಗುವುದಿಲ್ಲ ಎಂದು ಅಮೆರಿಕದ ವಿಲಿಯಂ ಜೇಮ್ಸ್ 1884ರಲ್ಲಿ ಬರೆದ. ಈ ಮಾತು ಮುಂದೆ ಮಾಸ್ಕೋದಲ್ಲಿ ದೊಡ್ಡ ಕೆಲಸ ಮಾಡಿತು.

ಮೈಯನ್ನೂ ಭಾವವನ್ನೂ ಬೆಸೆಯುವ ಯತ್ನ ಇದಕ್ಕೂ ಮೊದಲೇ ನಡೆದಿತ್ತು. ಫ್ರಾನ್ಸಿನ ಫ್ರಾಂಸ್ವಾ ದೆಲ್ಸಾರ್ತ್ (1811–1871) ಕೈ, ತಲೆ, ಮುಂಡಗಳ ಒಂದೊಂದು ಭಂಗಿಗೂ ಒಂದೊಂದು ಭಾವವನ್ನು ಗಂಟುಹಾಕಿದ್ದ. ಅವನು ಪುಸ್ತಕ ಬರೆದು ಹೋಗಲಿಲ್ಲ. ಶಿಷ್ಯರ ಕೈಯಲ್ಲಿ, ಅದರಲ್ಲೂ ಅಮೆರಿಕದಲ್ಲಿ, ಅವನ ವಿಚಾರ ಬಾಯಿಪಾಠದ ಭಂಗಿಗಳ ಪಟ್ಟಿಯಾಗಿ ಸೊರಗಿತು. ನಟನೆಯ ವಿಚಾರಗಳು ಶಿಷ್ಯರ ಕೈಗೆ ಸಿಕ್ಕು ಗಟ್ಟಿಯಾಗಿಬಿಡುವುದು ಇಲ್ಲಿಂದಲೇ ಶುರು.

ಮಾಸ್ಕೋ

ಆ ಕಾಲದ ರಂಗಭೂಮಿಯ ಕಟ್ಟಡವೂ ಬದಲಾಗುತ್ತಿತ್ತು. ವಿದ್ಯುದ್ದೀಪ ಬಂದ ಮೇಲೆ ಪ್ರೇಕ್ಷಾಗೃಹವನ್ನು ಕತ್ತಲಾಗಿಸಿ ರಂಗವನ್ನಷ್ಟೇ ಬೆಳಗುವುದು ಸುಲಭವಾಯಿತು. ಮೂರು ಗೋಡೆಗಳ ಕೋಣೆಯಂತೆ ರಂಗ ಕಟ್ಟಿ, ಕಾಣದ ನಾಲ್ಕನೆಯ ಗೋಡೆಯ ಮೂಲಕ ಪ್ರೇಕ್ಷಕ ಇಣುಕುವಂತೆ ನಾಟಕ ಆಡುವುದನ್ನು ಪ್ಯಾರಿಸ್ಸಿನಲ್ಲಿ ಆಂದ್ರೆ ಆಂತ್ವಾನ್ 1887ರಲ್ಲಿ ಶುರುಮಾಡಿದ. ಇಬ್ಸೆನ್, ಚೆಕಾಫ್ ಬರೆಯುತ್ತಿದ್ದ ನಾಟಕಗಳಲ್ಲಿ ಜನ ಹೇಳುವುದಕ್ಕಿಂತ ಹೇಳದೆ ಉಳಿಸುವುದೇ ಹೆಚ್ಚು. ಎದೆಯುಬ್ಬಿಸಿ ಮಾತೊಪ್ಪಿಸುವ ಹಳೆಯ ನಟನಿಗೆ ಆ ಮಾತುಗಳಲ್ಲಿ ಮಾಡಲು ಏನೂ ಇರಲಿಲ್ಲ. ಚೆಕಾಫನ 'ಸೀಗಲ್' 1896ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಬಿದ್ದದ್ದಕ್ಕೆ ಇದೂ ಒಂದು ಕಾರಣ.

ಜರಿ ತಯಾರಿಸುವ ಶ್ರೀಮಂತ ಮನೆತನದಲ್ಲಿ ಹುಟ್ಟಿದ ಕಾನ್‌ಸ್ಟಾಂಟಿನ್ ಸ್ತಾನಿಸ್ಲಾವ್‌ಸ್ಕಿ (1863–1938) ನಾಟಕಕಾರ ನೆಮಿರೋವಿಚ್-ದಾನ್ಚೆಂಕೋನನ್ನು 1897ರ ಜೂನಿನಲ್ಲಿ ಮಾಸ್ಕೋದ ಒಂದು ಹೋಟೆಲಿನಲ್ಲಿ ಮಧ್ಯಾಹ್ನದ ಊಟಕ್ಕೆಂದು ಭೇಟಿಯಾದ. ಮಾತು ಮುಗಿದದ್ದು ಹದಿನೆಂಟು ಗಂಟೆಗಳ ಮೇಲೆ. ಮರುವರ್ಷ ಮಾಸ್ಕೋ ಆರ್ಟ್ ಥಿಯೇಟರ್ ಬಾಗಿಲು ತೆರೆಯಿತು, 1898ರ ಡಿಸೆಂಬರಿನಲ್ಲಿ ಅದೇ 'ಸೀಗಲ್' ಅಲ್ಲಿ ಗೆದ್ದಿತು. ಆದರೆ ಆ ಗೆಲುವು ನಿರ್ದೇಶಕನದು. ಪ್ರತಿ ನಿಲುಗಡೆ, ಪ್ರತಿ ಜೀರುಂಡೆಯ ಸದ್ದು ಮೊದಲೇ ಬರೆದಿಟ್ಟ ಪ್ರಯೋಗ ಅದು. ನಟನೆಯ ವಿಧಾನವೆಂಬುದು ಇನ್ನೂ ಹುಟ್ಟಿರಲಿಲ್ಲ.

ಅದು ಹುಟ್ಟಿದ್ದು 1906ರ ಬೇಸಿಗೆಯಲ್ಲಿ. ಯುರೋಪ್ ಪ್ರವಾಸ ಮುಗಿಸಿ ಫಿನ್ಲೆಂಡಿನಲ್ಲಿ ದಣಿವಾರಿಸಿಕೊಳ್ಳುತ್ತಿದ್ದ ಸ್ತಾನಿಸ್ಲಾವ್‌ಸ್ಕಿಗೆ, ಇಬ್ಸೆನ್ನನ ಡಾಕ್ಟರ್ ಸ್ಟಾಕ್‌ಮನ್ ಪಾತ್ರ ತನ್ನೊಳಗೆ ಸತ್ತುಹೋಗಿದೆ ಎನ್ನಿಸಿತು. ಹಿಂದೆ ಒಳಗಿನಿಂದ ಬಂದಿದ್ದ ಕೈಚಲನೆ, ಸಮೀಪದೃಷ್ಟಿಯ ನೋಟ, ಆತುರದ ನಡಿಗೆ ಎಲ್ಲವೂ ಹಾಗೇ ಇದ್ದವು, ಅವನ್ನು ಹುಟ್ಟಿಸಿದ ಭಾವ ಮಾತ್ರ ಇರಲಿಲ್ಲ. ದಿದರೋ ಆಗಿದ್ದರೆ ಅದರಲ್ಲೇನು ತೊಂದರೆ ಎನ್ನುತ್ತಿದ್ದ. ಸ್ತಾನಿಸ್ಲಾವ್‌ಸ್ಕಿ ಮಾತ್ರ, ಸ್ಫೂರ್ತಿ ಬಂದಾಗ ಬರಲಿ ಎಂದು ಕಾಯುವ ಬದಲು ಅದು ಬರುವಂಥ ಸ್ಥಿತಿಯನ್ನು ಪ್ರಜ್ಞಾಪೂರ್ವಕವಾಗಿ ಸಿದ್ಧಮಾಡಲು ಸಾಧ್ಯವೇ ಎಂದು ಕೇಳಿಕೊಂಡ. ಮುಂದಿನ ಮೂವತ್ತೆರಡು ವರ್ಷ ಅವನು ಮಾಡಿದ್ದು ಈ ಹುಡುಕಾಟವನ್ನೇ.

ಅವನ 'ಸಿಸ್ಟಮ್' ಎಂದು ಹೆಸರಾದ ಪದ್ಧತಿಯ ಅಂಗಗಳು ಕಾಲಕ್ರಮದಲ್ಲಿ ಒಂದೊಂದಾಗಿ ಸೇರಿದವು. ಸ್ನಾಯುಗಳ ಬಿಗಿಯನ್ನು ಸಡಿಲಿಸುವುದು. ಗಮನವನ್ನು ಒಂದು ವಸ್ತುವಿನ ಮೇಲೆ, ಒಂದು ಸಣ್ಣ ವೃತ್ತದೊಳಗೆ ನಿಲ್ಲಿಸಿ ಪ್ರೇಕ್ಷಕರ ಕಪ್ಪು ಗುಂಡಿಯನ್ನು ಮರೆಯುವುದು. ನಾಟಕಕಾರ ಕೊಟ್ಟ ಸನ್ನಿವೇಶದೊಳಗೆ ನಿಂತು 'ನಾನೇ ಈ ಸ್ಥಿತಿಯಲ್ಲಿದ್ದರೆ ಏನು ಮಾಡುತ್ತಿದ್ದೆ?' ಎಂದು ಕೇಳಿಕೊಳ್ಳುವುದು. ದೃಶ್ಯವನ್ನು ತುಂಡುಗಳಾಗಿ ಒಡೆದು ಒಂದೊಂದರಲ್ಲೂ ಪಾತ್ರಕ್ಕೆ ಏನು ಬೇಕಾಗಿದೆ ಎಂದು ಗುರುತಿಸುವುದು. ಆ ಬೇಕುಗಳನ್ನೆಲ್ಲ ಇಡೀ ನಾಟಕದ ಒಂದು ಪರಮೋದ್ದೇಶಕ್ಕೆ ಪೋಣಿಸುವುದು. ಫ್ರೆಂಚ್ ಮನಶ್ಶಾಸ್ತ್ರಜ್ಞ ತೆಯೊದ್ಯೂಲ್ ರಿಬೋನಿಂದ ಅವನು ಭಾವಸ್ಮೃತಿಯ ಕಲ್ಪನೆಯನ್ನು ಎರವಲು ತಂದ: ಹಿಂದೆ ಅನುಭವಿಸಿದ ಭಾವವನ್ನು, ಅದರ ಸುತ್ತಲಿನ ವಾಸನೆ, ಸದ್ದು, ಸ್ಪರ್ಶಗಳ ನೆನಪಿನ ಮೂಲಕ ಮತ್ತೆ ಎಬ್ಬಿಸುವುದು. 1912ರಲ್ಲಿ ಸ್ಥಾಪಿಸಿದ ಮೊದಲ ಸ್ಟುಡಿಯೊದಲ್ಲಿ ಗೆಳೆಯ ಸುಲೆರ್ಜಿತ್‌ಸ್ಕಿಯ ಜೊತೆ ಯುವ ನಟರ ಮೇಲೆ ಇವನ್ನೆಲ್ಲ ಪ್ರಯೋಗಿಸಿದ. ಅಲ್ಲಿ ಉಸಿರಾಟ ಮತ್ತು ಏಕಾಗ್ರತೆಯ ಅಭ್ಯಾಸಗಳೂ ಇದ್ದವು, ಪ್ರಾಣಶಕ್ತಿಯ ಮಾತೂ ಇತ್ತು. ಇವು ಬಂದದ್ದು 'ಯೋಗಿ ರಾಮಚರಕ' ಎಂಬ ಹೆಸರಿನಲ್ಲಿ ಪ್ರಕಟವಾದ ಹಠಯೋಗದ ಪುಸ್ತಕಗಳಿಂದ. ಆ ಯೋಗಿ ಭಾರತದವನಲ್ಲ, ಅಮೆರಿಕದ ವಿಲಿಯಂ ವಾಕರ್ ಅಟ್ಕಿನ್ಸನ್. ಸೋವಿಯತ್ ಕಾಲದ ಸಂಪಾದಕರಿಗೆ ಯೋಗದ ಉಲ್ಲೇಖಗಳು ಹಿಡಿಸದೆ ಅಚ್ಚಾದ ಪುಸ್ತಕಗಳಲ್ಲಿ ಅವು ಬಹುಮಟ್ಟಿಗೆ ಮರೆಯಾದವು.

1928ರಲ್ಲಿ, ಸಂಸ್ಥೆಯ ಮೂವತ್ತನೆಯ ವರ್ಷದ ಪ್ರಯೋಗದ ನಡುವೆಯೇ ಹೃದಯಾಘಾತವಾದ ಮೇಲೆ ಸ್ತಾನಿಸ್ಲಾವ್‌ಸ್ಕಿ ಮತ್ತೆ ಬಣ್ಣ ಹಚ್ಚಲಿಲ್ಲ. ಮನೆಯಲ್ಲೇ ತಾಲೀಮು ನಡೆಸುತ್ತ ತನ್ನ ಪದ್ಧತಿಯನ್ನು ತಾನೇ ತಿದ್ದಿದ. ಭಾವ ನಾಚಿಕೆಯ ಪ್ರಾಣಿ, ಅದನ್ನು ನೇರವಾಗಿ ಹಿಡಿಯಹೋದರೆ ಓಡಿಹೋಗುತ್ತದೆ ಎಂಬುದು ಅಷ್ಟು ವರ್ಷಗಳಲ್ಲಿ ಅವನಿಗೆ ಮನದಟ್ಟಾಗಿತ್ತು. ಮೈಯ ಕ್ರಿಯೆ ಹಾಗಲ್ಲ; ಅದನ್ನು ಮನಸ್ಸು ಬಂದಾಗ ಮಾಡಬಹುದು, ನೆನಪಿಡಬಹುದು, ನಾಳೆಯೂ ಮಾಡಬಹುದು. ಹೆಂಡತಿ ಮನೆಗೆ ಬರುವುದರೊಳಗೆ ಗಂಡ ಒಂದು ಕಾಗದವನ್ನು ಹುಡುಕಿ ಸುಡಬೇಕೆಂದಿರಲಿ. ನಟ ಆತಂಕವನ್ನು ಅಭಿನಯಿಸಬೇಕಾಗಿಲ್ಲ. ಯಾವ ಖಾನೆಯನ್ನು ಮೊದಲು ನೋಡುತ್ತಾನೆ, ಯಾವ ಸದ್ದಿಗೆ ಕಿವಿ ನಿಮಿರುತ್ತದೆ, ಕಡ್ಡಿಪೆಟ್ಟಿಗೆ ಎಲ್ಲಿದೆ ಎಂಬುದನ್ನು ನಿಜವಾಗಿ ಮಾಡುತ್ತ ಹೋದರೆ ಆತಂಕ ಹಿಂದೆಯೇ ಬರುತ್ತದೆ. ದೈಹಿಕ ಕ್ರಿಯೆಗಳ ವಿಧಾನ ಎಂದು ಹೆಸರಾದ ಇದನ್ನು ಅವನು ಕೊನೆಯದಾಗಿ ಪರೀಕ್ಷಿಸಿದ್ದು ಮೊಲಿಯೇರನ 'ತಾರ್ತುಫ್' ತಾಲೀಮಿನಲ್ಲಿ. ಪ್ರಯೋಗ ಮುಗಿಯುವ ಮೊದಲೇ ಅವನು ಸತ್ತ. 1939ರಲ್ಲಿ ಶಿಷ್ಯರು ಅದನ್ನು ರಂಗಕ್ಕೆ ತಂದರು. ಅವನ ಶಿಷ್ಯೆ ಮರಿಯಾ ಕ್ನೆಬೆಲ್ ಈ ಕೊನೆಯ ಪಾಠವನ್ನು ದಶಕಗಳ ಕಾಲ ಮಾಸ್ಕೋದಲ್ಲಿ ಕಲಿಸುತ್ತ ಉಳಿಸಿದಳು.

ಮೆಯರ್‌ಹೋಲ್ಡ್ ಮತ್ತು ಇತರ ಶಿಷ್ಯರು

'ಸೀಗಲ್'ನಲ್ಲಿ ತ್ರೆಪ್ಲೆವ್ ಪಾತ್ರ ಮಾಡಿದ್ದ ವ್ಸೆವೊಲೊದ್ ಮೆಯರ್‌ಹೋಲ್ಡ್ (1874–1940) ಗುರುವಿನ ದಾರಿಯನ್ನು ಬಿಟ್ಟವರಲ್ಲಿ ಮೊದಲಿಗ. ಕೋಣೆಯೊಳಗಿನ ವಾಸ್ತವದ ಬದಲು ಅವನಿಗೆ ಜಾತ್ರೆಯ ಮೇಳ, ಮುಖವಾಡ, ಸರ್ಕಸ್ಸು ಬೇಕಾಗಿತ್ತು. ಕ್ರಾಂತಿಯ ನಂತರ ಅವನು ರೂಪಿಸಿದ ಬಯೋಮೆಕ್ಯಾನಿಕ್ಸ್, ವಿಲಿಯಂ ಜೇಮ್ಸನ ಭಾವಸಿದ್ಧಾಂತವನ್ನೂ ಕಾರ್ಖಾನೆಯ ಕೆಲಸವನ್ನು ಅಳೆದು ತುಂಡರಿಸಿದ ಟೇಲರನ ಲೆಕ್ಕಾಚಾರವನ್ನೂ ಒಟ್ಟಿಗೆ ಹಿಡಿದಿತ್ತು. ಬಾಣ ಬಿಡುವುದು, ಕಲ್ಲೆಸೆಯುವುದು, ಕೆನ್ನೆಗೆ ಹೊಡೆಯುವುದು, ಕಠಾರಿಯಿಂದ ಇರಿಯುವುದು ಇಂಥ ಸಣ್ಣ ಸಣ್ಣ ಅಭ್ಯಾಸಗಳಲ್ಲಿ ಪ್ರತಿ ಕ್ರಿಯೆಗೂ ಮೊದಲು ವಿರುದ್ಧ ದಿಕ್ಕಿಗೆ ಒಂದು ಹಿಂತೆಗೆತ, ಆಮೇಲೆ ಕ್ರಿಯೆ, ಕೊನೆಗೆ ನಿಲುಗಡೆ. ಮುಂದಕ್ಕೆ ಹೊಡೆಯಬೇಕಾದವನು ಮೊದಲು ಹಿಂದಕ್ಕೆ ಸರಿಯುತ್ತಾನೆ. ಪ್ರೇಕ್ಷಕನ ಕಣ್ಣು ಆಗಲೇ ಎಚ್ಚರಗೊಳ್ಳುತ್ತದೆ. 1922ರ 'ಉದಾರಿ ಕಕೋಲ್ಡ್' ಪ್ರಯೋಗದಲ್ಲಿ ಲ್ಯುಬೋವ್ ಪೊಪೋವಾ ಕಟ್ಟಿದ ಚಕ್ರ, ಏಣಿ, ಜಾರುಬಂಡೆಗಳ ಯಂತ್ರದ ಮೇಲೆ ನೀಲಿ ಕೆಲಸದುಡುಪಿನ ನಟರು ಓಡಿ ಹಾರಿ ಇಡೀ ಕತೆಯನ್ನು ಮೈಯಿಂದಲೇ ಹೇಳಿದರು.

ಅವನ ಉತ್ತರದಲ್ಲಿ ಪುನರಾವರ್ತನೆಯ ತೊಂದರೆ ಬಹುಮಟ್ಟಿಗೆ ಕರಗುತ್ತದೆ: ಮೈಗೆ ಸಂಗೀತದ ಸ್ವರಲಿಪಿಯಂಥ ನಿಖರ ವಿನ್ಯಾಸವಿದ್ದರೆ ಭಾವ ಬಂದರೂ ಸರಿ, ಬಾರದಿದ್ದರೂ ಪ್ರೇಕ್ಷಕನಿಗೆ ನಷ್ಟವಿಲ್ಲ. ಸ್ತಾಲಿನ್ನನ ಆಡಳಿತ 1938ರಲ್ಲಿ ಅವನ ರಂಗಮಂದಿರವನ್ನು ಮುಚ್ಚಿಸಿತು. ಎಲ್ಲರೂ ದೂರ ಸರಿದಾಗ ಕೆಲಸ ಕೊಟ್ಟವನು ಹಳೆಯ ಗುರು ಸ್ತಾನಿಸ್ಲಾವ್‌ಸ್ಕಿಯೇ. ಆದರೆ ಅದೇ ವರ್ಷ ಗುರು ತೀರಿಕೊಂಡ. 1939ರಲ್ಲಿ ಮೆಯರ್‌ಹೋಲ್ಡನನ್ನು ಬಂಧಿಸಿದರು, ಕೆಲವೇ ವಾರಗಳಲ್ಲಿ ಅವನ ಹೆಂಡತಿ, ನಟಿ ಜಿನಾಯಿದಾ ರಾಯ್ಖ್ ಮನೆಯಲ್ಲೇ ಕೊಲೆಯಾದಳು, 1940ರ ಫೆಬ್ರವರಿ 2ರಂದು ಅವನನ್ನು ಗುಂಡಿಟ್ಟು ಕೊಂದರು. ಸೋವಿಯತ್ ಸರ್ಕಾರ ಅವನನ್ನು ನಿರ್ದೋಷಿಯೆಂದದ್ದು 1955ರಲ್ಲಿ. ಬಯೋಮೆಕ್ಯಾನಿಕ್ಸ್ ಬಗ್ಗೆ ದೀರ್ಘಕಾಲ ಸರಿಯಾದ ತಿಳಿವಳಿಕೆ ಇಲ್ಲದೆ ಹೋದದ್ದಕ್ಕೆ ಕಾರಣ ಈ ಹತ್ಯೆ. ವಿಚಾರ ಸೋತು ಮರೆಯಾದದ್ದಲ್ಲ.

ಯೆವ್ಗೆನಿ ವಾಖ್ತಾಂಗೋವ್ (1883–1922) ಗುರುವಿನ ಒಳಸತ್ಯವನ್ನೂ ಮೆಯರ್‌ಹೋಲ್ಡನ ರಂಗವಿನೋದವನ್ನೂ ಕೂಡಿಸಿದ. ಅವನ ಕೊನೆಯ ಪ್ರಯೋಗ 'ರಾಜಕುಮಾರಿ ತುರಾಂದೋತ್'ನಲ್ಲಿ ನಟರು ಸಂಜೆಯ ಔತಣದ ಉಡುಪಿನಲ್ಲೇ ಬಂದು, ಪ್ರೇಕ್ಷಕರ ಎದುರೇ ಟವೆಲುಗಳನ್ನು ಗಡ್ಡವಾಗಿ ಕಟ್ಟಿಕೊಂಡು ಪಾತ್ರವಾದರು. ನಾಟಕಕಾರ ಚೆಕಾಫನ ಅಣ್ಣನ ಮಗ ಮೈಕೆಲ್ ಚೆಕಾಫ್ (1891–1955) ಸ್ವಂತ ನೆನಪನ್ನು ಕೆದಕುವುದನ್ನು ಒಪ್ಪದೆ ಕಲ್ಪನೆಯನ್ನು ನಂಬಿದ. ಪಾತ್ರದ ಇಡೀ ಆಸೆಯನ್ನು ಒಂದೇ ದೊಡ್ಡ ಮೈಚಲನೆಯಲ್ಲಿ ಹಿಡಿದು, ಅದನ್ನು ತಾಲೀಮಿನಲ್ಲಿ ಪೂರ್ತಿಯಾಗಿ ಮಾಡಿ, ಪ್ರಯೋಗದಲ್ಲಿ ಒಳಗೇ ಇಟ್ಟುಕೊಳ್ಳುವ 'ಮನೋದೈಹಿಕ ಮುದ್ರೆ' ಅವನ ಕೊಡುಗೆ. 1928ರಲ್ಲಿ ರಷ್ಯಾ ಬಿಟ್ಟ ಅವನು ಇಂಗ್ಲೆಂಡ್ ದಾಟಿ ಹಾಲಿವುಡ್‌ನಲ್ಲಿ ನೆಲೆಸಿದ.

ಅಮೆರಿಕದ ಮೆಥಡ್

ಮಾಸ್ಕೋ ಆರ್ಟ್ ಥಿಯೇಟರ್ 1923–24ರಲ್ಲಿ ಅಮೆರಿಕದಲ್ಲಿ ಪ್ರವಾಸ ಮಾಡಿದಾಗ ನ್ಯೂಯಾರ್ಕಿನ ಯುವ ರಂಗಕರ್ಮಿಗಳು ಬೆರಗಾದರು. ತಂಡದ ಹಳೆಯ ಕಲಾವಿದರಾದ ಬೊಲೆಸ್ಲಾವ್‌ಸ್ಕಿ, ಉಸ್ಪೆನ್‌ಸ್ಕಾಯಾ ಅಲ್ಲೇ ಉಳಿದು ಪಾಠ ಹೇಳಿದರು. ಅವರು ಕಲಿಸಿದ್ದು ಮೊದಲ ಸ್ಟುಡಿಯೊ ಕಾಲದ ಪಾಠ, ಭಾವಸ್ಮೃತಿಗೆ ಒತ್ತು ಕೊಟ್ಟದ್ದು. ಆ ಹೊತ್ತಿಗೆ ಮಾಸ್ಕೋದಲ್ಲಿ ಗುರು ಮುಂದಕ್ಕೆ ಸಾಗುತ್ತಿದ್ದ. ಅವನ ಪುಸ್ತಕಗಳೂ ಈ ಅಂತರವನ್ನು ಹೆಚ್ಚಿಸಿದವು. ನಟನ ಆಂತರಿಕ ತಯಾರಿಯನ್ನು ಹೇಳುವ ಭಾಗ ಇಂಗ್ಲಿಷಿನಲ್ಲಿ 1936ರಲ್ಲಿ ಬಂತು. ಮೈ, ದನಿ, ಮಾತು, ಲಯಗಳನ್ನು ಹೇಳುವ ಭಾಗ ಬಂದದ್ದು 1949ರಲ್ಲಿ, ಮೂರನೆಯದು 1961ರಲ್ಲಿ. ಒಂದೇ ಕೃತಿಯ ಎರಡು ಅರ್ಧಗಳೆಂದು ಲೇಖಕ ಯೋಚಿಸಿದ್ದನ್ನು ಓದುಗರು ಹದಿಮೂರು ವರ್ಷದ ಅಂತರದಲ್ಲಿ ಓದಿದರು. ಸ್ತಾನಿಸ್ಲಾವ್‌ಸ್ಕಿ ಎಂದರೆ ಒಳಮನಸ್ಸಿನ ಗುರು ಎಂಬ ಲೋಕರೂಢಿಯ ಚಿತ್ರ ಹುಟ್ಟಿದ್ದು ಹೀಗೆ.

1931ರಲ್ಲಿ ಹುಟ್ಟಿದ ಗ್ರೂಪ್ ಥಿಯೇಟರಿನಲ್ಲಿ ಲೀ ಸ್ಟ್ರಾಸ್‌ಬರ್ಗ್ (1901–1982) ಭಾವಸ್ಮೃತಿಯನ್ನೇ ತರಬೇತಿಯ ನಡುಗಂಬವಾಗಿ ನಿಲ್ಲಿಸಿದ. ನೆನಪಿಸಿಕೊಳ್ಳುವ ಘಟನೆ ಕನಿಷ್ಠ ಏಳು ವರ್ಷ ಹಳೆಯದಾಗಿರಬೇಕು, ಭಾವವನ್ನೇ ನೆನೆಯದೆ ಆ ಕೋಣೆಯ ಬೆಳಕು, ಬಟ್ಟೆಯ ಸ್ಪರ್ಶ, ಬಾಯಿಯ ರುಚಿಗಳನ್ನು ನೆನೆಯಬೇಕು ಎಂಬಂಥ ನಿಯಮಗಳಿದ್ದವು. ಇದರಿಂದ ಹಿಂಸೆಪಟ್ಟ ನಟಿ ಸ್ಟೆಲ್ಲಾ ಆಡ್ಲರ್ 1934ರಲ್ಲಿ ಪ್ಯಾರಿಸ್ಸಿಗೆ ಹೋಗಿ ಸ್ತಾನಿಸ್ಲಾವ್‌ಸ್ಕಿಯ ಬಳಿಯೇ ಐದು ವಾರ ಕೆಲಸ ಮಾಡಿ, ಗುರು ಈಗ ಒತ್ತುಕೊಡುವುದು ಕ್ರಿಯೆಗೂ ಕಲ್ಪನೆಗೂ ಎಂಬ ಸುದ್ದಿಯೊಂದಿಗೆ ಮರಳಿದಳು. ಸ್ಟ್ರಾಸ್‌ಬರ್ಗ್ ಒಪ್ಪಲಿಲ್ಲ. ತಂಡ ಒಡೆಯುವುದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ನಟನೆಯ ಪಾಠಶಾಲೆಗಳು ಇಬ್ಭಾಗವಾದದ್ದು ಅಲ್ಲಿಂದಲೇ. ಆಡ್ಲರ್ ತನ್ನದೇ ಶಾಲೆ ತೆರೆದಳು. ಸ್ಯಾನ್‌ಫರ್ಡ್ ಮೈಸ್ನರ್ ಎದುರಿಗಿರುವ ನಟನನ್ನು ನಿಜವಾಗಿ ಕೇಳಿಸಿಕೊಳ್ಳುವುದನ್ನೇ ಅಡಿಪಾಯ ಮಾಡಿದ. ಇಬ್ಬರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತ, ಎದುರಿನವರ ಬದಲಾವಣೆಯಿಂದಲೇ ತಮ್ಮ ಮಾತಿನ ಧಾಟಿ ಬದಲಾಗಲು ಬಿಡುವ ಅಭ್ಯಾಸ ಅವನದು. 1947ರಲ್ಲಿ ಎಲಿಯಾ ಕಜಾನ್ ಮತ್ತು ಗೆಳೆಯರು ಕಟ್ಟಿದ ಆ್ಯಕ್ಟರ್ಸ್ ಸ್ಟುಡಿಯೊಗೆ ಸ್ಟ್ರಾಸ್‌ಬರ್ಗ್ 1951ರಿಂದ ಕಲಾನಿರ್ದೇಶಕನಾದ. ಮಾರ್ಲನ್ ಬ್ರಾಂಡೊ 'ಮೆಥಡ್'ನ ಪ್ರತಿಮೆಯೆಂದು ಹೆಸರಾದರೂ ಅವನು ಗುರುವೆಂದು ನೆನೆದದ್ದು ಆಡ್ಲರಳನ್ನು.

ಮೆಥಡ್‌ಗೆ ಸಿಕ್ಕ ಕೀರ್ತಿ ಬಹುಪಾಲು ಸಿನಿಮಾದಿಂದ ಬಂದದ್ದು, ಅದರಲ್ಲಿ ಆಶ್ಚರ್ಯವಿಲ್ಲ. ಕ್ಯಾಮೆರಾ ಎದುರು ಆ ಅಳು ಒಂದು ಸಲ ಬಂದರೆ ಸಾಕು. ನೂರು ರಾತ್ರಿ ಆಡಬೇಕಾದ ನಟನ ತೊಂದರೆಗೆ ಅದು ಎಷ್ಟು ಉತ್ತರ ಎಂಬುದು ಬೇರೆ ಮಾತು. ಮಾನಸಿಕ ಗಾಯಗಳನ್ನು ಕೆದಕುವ ಅಧಿಕಾರ ಪಾಠ ಹೇಳುವವನಿಗೆ ಎಲ್ಲಿಂದ ಬಂತು ಎಂಬ ಆಕ್ಷೇಪವೂ ಆಗಿನಿಂದ ಇದೆ, ಈಚೆಗೆ ಇನ್ನಷ್ಟು ಗಟ್ಟಿಯಾಗಿದೆ.

ಬ್ರೆಕ್ಟ್

ಜರ್ಮನಿಯ ಬೆರ್ಟೋಲ್ಟ್ ಬ್ರೆಕ್ಟ್ (1898–1956) ನಟನ ಕಷ್ಟದಿಂದ ಹೊರಟವನಲ್ಲ, ಪ್ರೇಕ್ಷಕನ ಸ್ಥಿತಿಯಿಂದ ಹೊರಟವನು. ಪಾತ್ರದ ಜೊತೆ ಅಳುತ್ತ ಕೂತ ಪ್ರೇಕ್ಷಕ, ರಂಗದ ಮೇಲೆ ನಡೆದದ್ದು ಹಾಗೇ ನಡೆಯಬೇಕಾಗಿರಲಿಲ್ಲ ಎಂಬುದನ್ನು ಮರೆಯುತ್ತಾನೆ. ಆದ್ದರಿಂದ ನಟ ಪಾತ್ರವಾಗಿಬಿಡದೆ ಪಾತ್ರವನ್ನು ತೋರಿಸಬೇಕು. ರಸ್ತೆಯ ಅಪಘಾತವನ್ನು ಕಣ್ಣಾರೆ ಕಂಡವನೊಬ್ಬ ಗುಂಪಿಗೆ ಅದನ್ನು ವಿವರಿಸುವ ರೀತಿಯನ್ನೇ ಅವನು ಮಾದರಿಯಾಗಿ ಮುಂದಿಟ್ಟ: ಚಾಲಕ ಹೇಗೆ ನುಗ್ಗಿದ, ಮುದುಕ ಹೇಗೆ ಹೆಜ್ಜೆಯಿಟ್ಟ ಎಂದು ಅವನು ಮಾಡಿ ತೋರಿಸುತ್ತಾನೆ, ಆದರೆ ತಾನೇ ಚಾಲಕನೆಂದು ಯಾರನ್ನೂ ನಂಬಿಸಹೋಗುವುದಿಲ್ಲ. ತಾಲೀಮಿನಲ್ಲಿ ಮಾತುಗಳನ್ನು 'ಅವನು ಹೇಳಿದ' ಎಂದು ಪ್ರಥಮಪುರುಷಕ್ಕೆ, ಭೂತಕಾಲಕ್ಕೆ ತಿರುಗಿಸಿ ಹೇಳಿಸುವುದು, ರಂಗಸೂಚನೆಗಳನ್ನು ನಟನ ಬಾಯಲ್ಲೇ ಓದಿಸುವುದು ಇವು ಅವನ ಸಾಧನಗಳು. ಮೈಯ ಒಂದು ಚಲನೆಯಲ್ಲಿ ಇಡೀ ಸಾಮಾಜಿಕ ಸಂಬಂಧ ಕಾಣುವಂತೆ ಮಾಡುವುದನ್ನು ಅವನು 'ಗೆಸ್ಟುಸ್' ಎಂದು ಕರೆದ.

1935ರಲ್ಲಿ ಮಾಸ್ಕೋಗೆ ಬಂದ ಚೀನೀ ನಟ ಮೇ ಲಾನ್‌ಫಾಂಗ್‌ನ ಪ್ರದರ್ಶನ ಈ ವಿಚಾರಕ್ಕೆ ಖಚಿತ ರೂಪ ಕೊಟ್ಟಿತು. ಸ್ತ್ರೀಪಾತ್ರಗಳಿಗೆ ಹೆಸರಾಗಿದ್ದ ಮೇ, ಮೇಕಪ್ಪಿಲ್ಲದೆ, ಡಿನ್ನರ್ ಜಾಕೆಟ್ ತೊಟ್ಟು, ವಿಶೇಷ ಬೆಳಕಿಲ್ಲದೆ ನಿಂತು ಹೆಣ್ಣಿನ ಚಲನೆಗಳನ್ನು ತೋರಿಸಿದ್ದನ್ನು ಬ್ರೆಕ್ಟ್ ಬೆರಗಿನಿಂದ ಬರೆದ. ಕೈಯಲ್ಲಿ ಒಂದು ಸಣ್ಣ ಹುಟ್ಟು ಮಾತ್ರ, ದೋಣಿಯಿಲ್ಲ. ಆದರೂ ನದಿಯ ಸೆಳೆತ ಕಾಣುತ್ತದೆ. ಮೆಯರ್‌ಹೋಲ್ಡ್, ಸಿನಿಮಾ ನಿರ್ದೇಶಕ ಐಸೆನ್‌ಸ್ಟೈನ್ ಕೂಡ ಆಗ ಮೇಯ ಕಲೆಯನ್ನು ನೋಡಿದ್ದರು. ಪೀಕಿಂಗ್ ರಂಗಭೂಮಿಯ ನಟ ತನ್ನನ್ನು ತಾನೇ ನೋಡಿಕೊಳ್ಳುತ್ತ ಆಡುತ್ತಾನೆ ಎಂದು ಬ್ರೆಕ್ಟ್ ಅರ್ಥಮಾಡಿಕೊಂಡದ್ದು ಎಷ್ಟು ಸರಿ ಎಂಬುದನ್ನು ಚೀನೀ ವಿದ್ವಾಂಸರು ಪ್ರಶ್ನಿಸಿದ್ದಾರೆ. ಅವನು ತನಗೆ ಬೇಕಾದ್ದನ್ನು ಅಲ್ಲಿ ಕಂಡ ಎನ್ನುವುದೇ ನ್ಯಾಯ.

ಬ್ರೆಕ್ಟನ ಸಿದ್ಧಾಂತವನ್ನು ಅವನ ಹೆಂಡತಿ ಹೆಲೆನೆ ವೈಗೆಲ್ಲಳ ನಟನೆಯಿಲ್ಲದೆ ಓದಬಾರದು. 1949ರಲ್ಲಿ ಬರ್ಲಿನ್ನಿನಲ್ಲಿ 'ಮದರ್ ಕರೇಜ್' ಪಾತ್ರದಲ್ಲಿ, ಮಗನನ್ನು ಕೊಲ್ಲುವ ಗುಂಡಿನ ಸದ್ದು ಕೇಳಿ ಅವಳು ತಲೆ ಹಿಂದಕ್ಕೆ ಚೆಲ್ಲಿ ಬಾಯಿ ಪೂರ್ತಿ ತೆರೆದಳು, ದನಿ ಹೊರಡಲಿಲ್ಲ. ಆ ಮೂಕ ಚೀತ್ಕಾರ ಕಂಡವರು ತಣ್ಣಗೆ ಕೂತಿರಲಿಲ್ಲ. ಬ್ರೆಕ್ಟ್ ಭಾವವನ್ನೇ ನಿಷೇಧಿಸಿದನೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾಗಿಲ್ಲ. ಅದೇ ವರ್ಷ ಇಬ್ಬರೂ ಸೇರಿ ಕಟ್ಟಿದ ಬರ್ಲಿನರ್ ಆನ್ಸಾಂಬ್ಲ್, ಪ್ರಯೋಗದ ಪ್ರತಿ ನಿಲುವನ್ನೂ ಫೋಟೊಗಳಲ್ಲಿ ದಾಖಲಿಸಿ 'ಮಾದರಿ ಪುಸ್ತಕ'ಗಳನ್ನು ಮಾಡಿತು. ಪುನರಾವರ್ತನೆಯನ್ನು ಒಬ್ಬ ನಟನ ಸ್ಮೃತಿಯಿಂದ ಬಿಡಿಸಿ ಕಾಗದಕ್ಕೆ ಒಪ್ಪಿಸಿದ ಅಪರೂಪದ ಪ್ರಯತ್ನ ಅದು.

ಮುಖವಾಡ, ಉಸಿರು, ಬಡ ರಂಗಭೂಮಿ

ಫ್ರಾನ್ಸಿನಲ್ಲಿ ಬೇರೊಂದು ದಾರಿ ಬೆಳೆಯಿತು. 1913ರಲ್ಲಿ ವ್ಯೂ-ಕೊಲೊಂಬಿಯೆ ರಂಗಮಂದಿರ ತೆರೆದ ಜಾಕ್ ಕೊಪೋ, ಮುಂದೆ ತನ್ನ ಶಾಲೆಯಲ್ಲಿ ನಾಚುವ ವಿದ್ಯಾರ್ಥಿಗಳ ಮುಖ ಮುಚ್ಚಿಸಿ ಮೈ ಮಾತಾಡುವಂತೆ ಮಾಡಿದ. ಅಲ್ಲಿ ಕಲಿತ ಎತಿಯೆನ್ ದೆಕ್ರೂ ಮೂಕಾಭಿನಯಕ್ಕೆ ವ್ಯಾಕರಣ ಬರೆದ. ಕ್ರೀಡಾ ಶಿಕ್ಷಣದಿಂದ ಬಂದ ಜಾಕ್ ಲೆಕಾಕ್ (1921–1999) 1956ರಲ್ಲಿ ಪ್ಯಾರಿಸ್ಸಿನಲ್ಲಿ ತೆರೆದ ಶಾಲೆಯಲ್ಲಿ ಯಾವ ಭಾವವೂ ಇಲ್ಲದ ತಟಸ್ಥ ಮುಖವಾಡ ತೊಡಿಸಿ ತರಬೇತಿ ಶುರುವಾಗುತ್ತಿತ್ತು, ಕೆಂಪು ಮೂಗಿನ ವಿದೂಷಕನಲ್ಲಿ ಮುಗಿಯುತ್ತಿತ್ತು.

ಆಂತೋನೆ ಆರ್ತೋ (1896–1948) 1931ರ ಪ್ಯಾರಿಸ್ ವಸಾಹತು ಪ್ರದರ್ಶನದಲ್ಲಿ ಬಾಲಿ ದ್ವೀಪದ ನರ್ತಕರನ್ನು ಕಂಡು, ಮಾತಿಗೆ ಜೀತಮಾಡುವ ಪಾಶ್ಚಾತ್ಯ ರಂಗಭೂಮಿಯನ್ನು ಸುಡಬೇಕೆಂದು ಬರೆದವನು. 1938ರ ಅವನ ಪುಸ್ತಕದಲ್ಲಿ ನಟನನ್ನು ಹೃದಯದ ಕ್ರೀಡಾಪಟುವಾಗಿ ಕಾಣುವ, ಪ್ರತಿ ಭಾವಕ್ಕೂ ಒಂದು ಉಸಿರಿನ ಲಯವಿದೆ ಎನ್ನುವ ಅಧ್ಯಾಯವಿದೆ. ತರಬೇತಿಯ ವಿಧಾನವಾಗಿ ಅದು ಅರೆಬೆಂದದ್ದು. ಆದರೆ 1960ರ ದಶಕದ ರಂಗಭೂಮಿಯ ಮೇಲೆ ಅದರ ಪ್ರಭಾವ ಅಳೆಯಲಾರದಷ್ಟು.

ಪೋಲೆಂಡಿನ ಯೆಜಿ ಗ್ರೊಟೊವ್‌ಸ್ಕಿ (1933–1999) 1959ರಲ್ಲಿ ಒಪೋಲೆ ಪಟ್ಟಣದ, ಕೆಲವೇ ಪ್ರೇಕ್ಷಕರು ಹಿಡಿಸುವ ಪುಟ್ಟ ರಂಗಮಂದಿರವೊಂದರಲ್ಲಿ ಕೆಲಸ ಆರಂಭಿಸಿದ, 1965ರಲ್ಲಿ ವ್ರೊತ್ಸ್ವಾಫ್‌ಗೆ ಹೋದ. ಬೆಳಕು, ವೇಷ, ರಂಗಸಜ್ಜಿಕೆ, ಧ್ವನಿಮುದ್ರಿತ ಸಂಗೀತ ಎಲ್ಲವನ್ನೂ ಕಳೆದರೂ ರಂಗಭೂಮಿ ಉಳಿಯುತ್ತದೆ, ನಟ ಮತ್ತು ಪ್ರೇಕ್ಷಕ ಇಲ್ಲದೆ ಉಳಿಯದು. ಹಾಗಿದ್ದರೆ ಸಿನಿಮಾದೊಂದಿಗೆ ಸ್ಪರ್ಧಿಸುವ ಶ್ರೀಮಂತಿಕೆ ಯಾಕೆ ಎಂಬುದು ಅವನ 'ಬಡ ರಂಗಭೂಮಿ'ಯ ವಾದ. ನಟನಿಗೆ ಕೌಶಲಗಳನ್ನು ತುಂಬುವ ಬದಲು ಅವನೊಳಗಿನ ಅಡ್ಡಿಗಳನ್ನು ಒಂದೊಂದಾಗಿ ಕೀಳುವುದು ಅವನ ಕ್ರಮ. ಅವನು ಕಾಳಿದಾಸನ 'ಶಾಕುಂತಲ'ವನ್ನು 1960ರಲ್ಲೇ ಆಡಿಸಿದ್ದ. ಅವನ ಜೊತೆಗಿದ್ದ ಯುಜೆನಿಯೊ ಬಾರ್ಬಾ 1963ರಲ್ಲಿ ಕೇರಳ ಕಲಾಮಂಡಲಂಗೆ ಬಂದು ಕಥಕಳಿಯ ತರಬೇತಿಯನ್ನು ನೋಡಿ ಬರೆದದ್ದು ಅವರ ಅಭ್ಯಾಸಗಳಿಗೆ ಸೇರಿತು.

1965ರ 'ಅಚಲ ರಾಜಕುಮಾರ'ದಲ್ಲಿ ರಿಷಾರ್ದ್ ಚೆಶ್ಲಾಕ್‌ನ ನಟನೆ ಇಪ್ಪತ್ತನೆಯ ಶತಮಾನದ ರಂಗಚರಿತ್ರೆಯಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುತ್ತದೆ. ಚಿತ್ರಹಿಂಸೆಗೆ ಸಿಕ್ಕು ಸಾಯುವ ಸಂತನ ಯಾತನೆಯನ್ನು ಪ್ರೇಕ್ಷಕರು ಕಂಡರು. 1990ರಲ್ಲಿ ಚೆಶ್ಲಾಕ್ ತೀರಿಕೊಂಡ ಮೇಲೆ ಗ್ರೊಟೊವ್‌ಸ್ಕಿ ಗುಟ್ಟು ಬಿಚ್ಚಿದ: ಆ ನಟನ ಕ್ರಿಯೆಗಳ ಸಾಲು ಹುಟ್ಟಿದ್ದು ಯಾತನೆಯಿಂದಲ್ಲ, ಹದಿಹರೆಯದ ಮೊದಲ ಪ್ರೇಮದ ನೆನಪಿನಿಂದ. ಆ ನೆನಪಿನ ಅತಿ ಸಣ್ಣ ದೈಹಿಕ ವಿವರಗಳನ್ನು ತಿಂಗಳುಗಟ್ಟಲೆ ಹುಡುಕಿ, ಜೋಡಿಸಿ, ಅದರ ಮೇಲೆ ಮಾತನ್ನೂ ಕತೆಯನ್ನೂ ಹೊದಿಸಲಾಗಿತ್ತು. ನಟನಿಗೆ ನಡೆಯುವುದು ಒಂದು, ಪ್ರೇಕ್ಷಕನಿಗೆ ಕಾಣುವುದು ಇನ್ನೊಂದು. ಎರಡನ್ನೂ ಬೆಸೆಯುವುದು ಅಕ್ಷರಶಃ ನಿಖರವಾದ ಮೈವಿನ್ಯಾಸ. ಸ್ತಾನಿಸ್ಲಾವ್‌ಸ್ಕಿಯ ಕೊನೆಯ ಪಾಠವನ್ನು ಮುಂದುವರಿಸುತ್ತಿದ್ದೇನೆ ಎಂದು ಗ್ರೊಟೊವ್‌ಸ್ಕಿ ಹೇಳಿಕೊಂಡದ್ದು ವಿನಯದ ಮಾತಲ್ಲ. ದಿದರೋನಿಗೂ ಅವನ ವಿರೋಧಿಗಳಿಗೂ ಒಟ್ಟಿಗೆ ಉತ್ತರ ಕೊಟ್ಟ ಪ್ರಯೋಗವೊಂದಿದ್ದರೆ ಅದು ಇದೇ.

ಈಚಿನ ಬೆಳವಣಿಗೆ

ಬಾರ್ಬಾ 1964ರಲ್ಲಿ ಓಡಿನ್ ತಂಡವನ್ನು ಕಟ್ಟಿ, 1980ರಿಂದ ಒಡಿಸ್ಸಿ ನರ್ತಕಿ ಸಂಯುಕ್ತಾ ಪಾಣಿಗ್ರಾಹಿಯಂಥ ಏಷ್ಯಾದ ಕಲಾವಿದರ ಜೊತೆ ರಂಗ ಮಾನವಶಾಸ್ತ್ರದ ಶಿಬಿರಗಳನ್ನು ನಡೆಸಿದ. ದಿನಬಳಕೆಯ ಸಮತೋಲನವನ್ನು ಕದಲಿಸುವುದು, ವಿರುದ್ಧ ದಿಕ್ಕುಗಳ ಎಳೆತ ಇವು ಎಲ್ಲ ಪರಂಪರೆಗಳ ನಟರಲ್ಲೂ, ಮಾತಾಡುವ ಮೊದಲೇ, ಇರುತ್ತವೆ ಎಂಬುದು ಅವನ ಶೋಧ. ಜಪಾನಿನ ತಾದಾಶಿ ಸುಝುಕಿ ತೋಗಾ ಹಳ್ಳಿಗೆ ಹೋಗಿ ನೆಲಕ್ಕೆ ಪಾದ ಬಡಿಯುವ ಅಭ್ಯಾಸದ ಸುತ್ತ ತರಬೇತಿ ರೂಪಿಸಿದ. ಬ್ರೆಜಿಲಿನ ಆಗಸ್ತೊ ಬೋಲ್ (1931–2009) ನಟ-ಪ್ರೇಕ್ಷಕರ ಗೆರೆಯನ್ನೇ ಅಳಿಸಿ, ಪ್ರೇಕ್ಷಕ ಎದ್ದುಬಂದು ನಾಟಕದ ದಿಕ್ಕು ಬದಲಿಸುವ ಫೋರಂ ಥಿಯೇಟರ್ ಮಾಡಿದ. ಇಂಗ್ಲಿಷ್ ನಿರ್ದೇಶಕ ಪೀಟರ್ ಬ್ರೂಕ್ ಯಾವ ಸಿದ್ಧಾಂತಕ್ಕೂ ಕಟ್ಟುಬೀಳದೆ ಎಲ್ಲದರಿಂದಲೂ ತೆಗೆದುಕೊಂಡ. ಹಲವು ದೇಶಗಳ ನಟರೊಂದಿಗೆ ಅವನು 1985ರಲ್ಲಿ ಆವಿನ್ಯೋನಿನಲ್ಲಿ ಆಡಿಸಿದ 'ಮಹಾಭಾರತ' ಭಾರತದಲ್ಲಿ ಎಬ್ಬಿಸಿದ ವಿವಾದ ಇನ್ನೂ ತಣ್ಣಗಾಗಿಲ್ಲ. 1990ರ ದಶಕದಲ್ಲಿ ಇಟಲಿಯ ಪಾರ್ಮಾದ ವಿಜ್ಞಾನಿಗಳು ಕಂಡುಹಿಡಿದ ಕನ್ನಡಿ ನರಕೋಶಗಳನ್ನು ಹಿಡಿದು ಅನೇಕರು ನಟನೆಯನ್ನು ವಿವರಿಸಹೊರಟಿದ್ದಾರೆ. ಆ ಉತ್ಸಾಹ ಸದ್ಯಕ್ಕೆ ಸಾಕ್ಷ್ಯಕ್ಕಿಂತ ಮುಂದೆ ಓಡುತ್ತಿದೆ.

ಕನ್ನಡ ರಂಗಭೂಮಿಯಲ್ಲಿ

ಈ ಸಿದ್ಧಾಂತಗಳು ಕನ್ನಡಕ್ಕೆ ಬಂದ ಮುಖ್ಯ ದಾರಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ (ಸ್ಥಾಪನೆ 1959). ಲಂಡನ್ನಿನಲ್ಲಿ ಕಲಿತ ಇಬ್ರಾಹಿಂ ಅಲ್ಕಾಜಿ 1962ರಿಂದ 1977ರವರೆಗೆ ಅದರ ನಿರ್ದೇಶಕರಾಗಿದ್ದರು. ಅಲ್ಲಿ ಕಲಿತು ಬಂದ ಬಿ.ವಿ. ಕಾರಂತ, ಪ್ರಸನ್ನ, ಬಿ. ಜಯಶ್ರೀ ಮೊದಲಾದವರು ಹವ್ಯಾಸಿ ರಂಗಭೂಮಿಯ ನಟನೆಗೆ ಶಿಸ್ತಿನ ತಾಲೀಮನ್ನು ತಂದರು. ಕೆ.ವಿ. ಸುಬ್ಬಣ್ಣ ಹೆಗ್ಗೋಡಿನಲ್ಲಿ 1980ರಲ್ಲಿ ನೀನಾಸಮ್ ರಂಗಶಿಕ್ಷಣ ಕೇಂದ್ರವನ್ನೂ, ಕಾರಂತರು 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನೂ ಕಟ್ಟಿದ ಮೇಲೆ ಸ್ತಾನಿಸ್ಲಾವ್‌ಸ್ಕಿ, ಬ್ರೆಕ್ಟರ ಹೆಸರು ಹಳ್ಳಿಯ ಹುಡುಗ ಹುಡುಗಿಯರ ಬಾಯಲ್ಲೂ ಬಂತು. ಬ್ರೆಕ್ಟ್ ಕನ್ನಡದಲ್ಲಿ ಹೆಚ್ಚು ಸುಲಭವಾಗಿ ಬೇರುಬಿಟ್ಟದ್ದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಪಂಚೆ ಶಾಲಿನಲ್ಲೇ ಕೂತು ಕೌರವನಾಗಿ ವಾದಿಸುವ ತಾಳಮದ್ದಳೆಯ ಅರ್ಥಧಾರಿಯನ್ನು ಕಂಡವರಿಗೆ ನಟ ಪಾತ್ರದಿಂದ ಬೇರೆಯಾಗಿ ನಿಂತು ಮಾತಾಡುವುದು ಹೊಸದೆನಿಸುವುದಿಲ್ಲ. ಕಾರಂತರು 1979ರಲ್ಲಿ ದೆಹಲಿಯಲ್ಲಿ 'ಮ್ಯಾಕ್‌ಬೆತ್' ನಾಟಕವನ್ನು 'ಬರ್ನಮ್ ವನ' ಎಂಬ ಹೆಸರಿನಲ್ಲಿ ಯಕ್ಷಗಾನದ ನಡೆಗಳೊಂದಿಗೆ ಹಿಂದಿಯಲ್ಲಿ ಆಡಿಸಿದ್ದೂ ಈ ಬಗೆಯ ಕೂಡಿಕೆಯೇ.

ಇದೆಲ್ಲ ನಮ್ಮ ನಾಟ್ಯಶಾಸ್ತ್ರದಲ್ಲೇ ಇತ್ತು ಎನ್ನುವವರಿದ್ದಾರೆ. ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂಬ ವಿಭಾಗ ಅಲ್ಲಿದೆ, ರಸ ಇರುವುದು ನಟನಲ್ಲಲ್ಲ ಸಹೃದಯನಲ್ಲಿ ಎಂದು ಅಭಿನವಗುಪ್ತ ದಿದರೋನಿಗಿಂತ ಏಳು ಶತಮಾನಗಳಿಗೂ ಮೊದಲು ವಾದಿಸಿದ್ದಾನೆ. ಆದರೆ ತಾಲೀಮಿನ ಕೋಣೆಯಲ್ಲಿ ನಟನೊಬ್ಬ ಗದ್ಯನಾಟಕದ ಪಾತ್ರವನ್ನು ದಿನದಿಂದ ದಿನಕ್ಕೆ ಹೇಗೆ ಕಟ್ಟಬೇಕು ಎಂಬ ಪ್ರಶ್ನೆ ಆ ಗ್ರಂಥಗಳದ್ದಲ್ಲ. ಇಂಥ ಸಂಧಿಯನ್ನು ನಿಜವಾಗಿ ಕೂಡಿಸಲು ಯತ್ನಿಸಿದವರಲ್ಲಿ ಪ್ರಸನ್ನ ಒಬ್ಬರು. ಭಾರತೀಯ ನಟನಾ ವಿಧಾನವನ್ನು ಕುರಿತ ಅವರ ಇಂಗ್ಲಿಷ್ ಪುಸ್ತಕವನ್ನು ರಾಷ್ಟ್ರೀಯ ನಾಟಕ ಶಾಲೆ ಪ್ರಕಟಿಸಿದೆ.

ಸಿದ್ಧಾಂತ ಬರುವ ಮೊದಲೇ ಪುನರಾವರ್ತನೆಯನ್ನು ಕಸುಬಾಗಿಸಿಕೊಂಡಿದ್ದವರು ಕಂಪನಿ ನಾಟಕದ ನಟರು. ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ಅದೇ ಪಾತ್ರ. ಪ್ರೇಕ್ಷಕರು 'ಒನ್ಸ್ ಮೋರ್' ಎಂದು ಕೂಗಿದರೆ ಸತ್ತುಬಿದ್ದವನೂ ಎದ್ದು ಹಾಡಿ ಮತ್ತೆ ಸಾಯಬೇಕು. ಅವರು ಅದನ್ನು ಹೇಗೆ ನಿಭಾಯಿಸಿದರು ಎಂಬುದನ್ನು ತಿಳಿಯಬಯಸುವ ಓದುಗರು ಗುಬ್ಬಿ ವೀರಣ್ಣನವರ ಆತ್ಮಕಥೆ 'ಕಲೆಯೇ ಕಾಯಕ'ವನ್ನೂ, ಬಾಲಕನಾಗಿ ಗುಬ್ಬಿ ಕಂಪನಿ ಸೇರಿ ಮುಂದೆ ನಾಟಕ ಶಾಲೆಯ ನಿರ್ದೇಶಕರಾದ ಕಾರಂತರ ನೆನಪುಗಳನ್ನು ವೈದೇಹಿ ನಿರೂಪಿಸಿದ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'ಯನ್ನೂ ಓದಬಹುದು.